ಮೂರು ಕಾಲಿಗೊಂದು ತಲೆ

ಟ್ರೈಪಾಡ್ ಕೊಂಡರೆ ಅದರ ಜೊತೆ ತಲೆ ಬರುವುದಿಲ್ಲ ಎಂಬ ಸಂಗತಿ ನಮ್ಮ ಮನೆಯಾಕೆಗೆ ಇವತ್ತಿಗೂ ಅರಗಿಲ್ಲ. ಅಗ್ಗದ ಟ್ರೈಪಾಡಿಗೆ ತಲೆ ಹುಟ್ಟಿನಿಂದಲೇ ಅಂಟಿಕೊಂಡಿರುತ್ತದೆ. ಬೆಲೆ ಏರಿದ ಹಾಗೆ ತಲೆ ಮಾಯವಾಗುತ್ತದೆ. ನಿಜಕ್ಕೂ ದುಬಾರಿಯಾದದ್ದನ್ನು ಕೊಂಡಿರೋ, ಮೂರು ಕಾಲು, ಮೇಲೊಂದು ಬೋಳು ತಟ್ಟೆ, ತಟ್ಟೆಯ ನಡುವೆ ಎದ್ದು ನಿಂತ ಒಂದು ತಿರುಪು, ಅಷ್ಟೆ. "ಸಾರ್, ಇದು ಬರೀ ಕಾಲು. ತಲೆ ಬೇರೆ ತಗೋಬೇಕು" ಎಂದು ಅಂಗಡಿಯ ಹುಡುಗ ವಿನಯದಿಂದಲೇ ಹೇಳಿದ. ಪಕ್ಕದಲ್ಲಿದ್ದ ಇವಳು, "ಮತ್ತೆ ಇಷ್ಟು ದುಡ್ಡು ಕೊಟ್ಟಿದ್ದು ಯಾತಕ್ಕೆ?" ಅಂದಳು. "ಕಾಲಿಗೆ ಮೇಡಂ, ಕಾರ್ಬನ್ ಫೈಬರ್" ಅಂದ ಹುಡುಗ. "ಸರಿ ಬಿಡಪ್ಪ, ತಲೆ ಇದ್ದವರು ಕೊಳ್ಳೋದಲ್ಲ ಇದು" ಎಂದು ಇವಳು ಅಲ್ಲೇ ತೀರ್ಪು ಕೊಟ್ಟಳು.

ಅಲ್ಲಿಂದೀಚೆಗೆ ನಮ್ಮ ಮನೆಯ ಅಟ್ಟದಲ್ಲಿ ತಲೆಗಳು ಒಂದೊಂದಾಗಿ ಬಂದು ಸೇರಿವೆ. ದಸರೆಯ ಗೊಂಬೆ ಇಳಿಸಲು ಸ್ಟೂಲು ಹತ್ತಿದಾಗಲೆಲ್ಲ ಪಟ್ಟದ ಗೊಂಬೆಯ ಬದಲು ಯಾವುದೋ ತಲೆ ಇವಳ ಕೈಗೆ ಸಿಗುತ್ತದೆ. "ರಾವಣನಿಗೆ ಹತ್ತು ತಲೆ ಇದ್ದವು, ಒಪ್ಪಿದೆ. ಆದರೆ ಅವನು ಹತ್ತನ್ನೂ ಒಟ್ಟಿಗೆ ಹೊತ್ತುಕೊಂಡು ತಿರುಗುತ್ತಿದ್ದ ರೀ, ಅಟ್ಟದಲ್ಲಿ ಇಡುತ್ತಿರಲಿಲ್ಲ" ಎನ್ನುತ್ತಾಳೆ. ನಾನು ಮೇಲೆ ನೋಡುತ್ತ ಸ್ಟೂಲು ಹಿಡಿದು ನಿಲ್ಲುತ್ತೇನೆ. ಸ್ಟೂಲಿಗೆ ನಾಲ್ಕು ಕಾಲು, ಅದು ಕುಂಟುತ್ತದೆ.

ಮೂರು ಕಾಲಿನದ್ದು ಕುಂಟುವುದಿಲ್ಲ. ಇದು ಶಿವನಿಗೇ ಗೊತ್ತಿದ್ದ ರೇಖಾಗಣಿತ. ಭೃಂಗಿ ಮಹರ್ಷಿ ಶಿವನಿಗೆ ಮಾತ್ರ ಪ್ರದಕ್ಷಿಣೆ ಬರುತ್ತೇನೆ, ಪಾರ್ವತಿಗೆ ಬರಲೊಲ್ಲೆ ಎಂದು ಹಟ ಹಿಡಿದ. ಅವರಿಬ್ಬರೂ ಒಂದೇ ಮೈಯಾದರೆ ದುಂಬಿಯಾಗಿ ನಡುವೆ ಕೊರೆದುಕೊಂಡು ಹೋಗಲು ನೋಡಿದ. ದೇವಿಯ ಶಾಪದಿಂದ ರಕ್ತಮಾಂಸ ಕಳೆದುಕೊಂಡು, ನಿಲ್ಲಲಾರದೆ ಕುಸಿದ. ಕನಿಕರಪಟ್ಟ ಶಿವ ಮೂರನೇ ಕಾಲೊಂದನ್ನು ಕೊಟ್ಟು ನಿಲ್ಲಿಸಿದ. ಬಾದಾಮಿಯ ಮೊದಲನೇ ಗುಹೆಯಲ್ಲಿ ಅರ್ಧನಾರೀಶ್ವರನ ಪಕ್ಕ ಎಲುಬಿನ ಹಂದರವಾಗಿ ನಿಂತವನು ಇವನೇ. ಮೂರು ಬಿಂದುಗಳು ಎಲ್ಲಿದ್ದರೂ ಒಂದೇ ಸಮತಲದಲ್ಲಿರುತ್ತವೆ. ಆದ್ದರಿಂದ ಮೂರು ಕಾಲಿನದ್ದು ಕಲ್ಲಿನ ಮೇಲಿರಲಿ, ಕೆಸರಿನಲ್ಲಿರಲಿ ಊರಿಕೊಂಡೇ ನಿಲ್ಲುತ್ತದೆ. ತಕರಾರು ಶುರುವಾಗುವುದು ಅದರ ನಂತರ. ಊರಿ ನಿಂತ ಮಾತ್ರಕ್ಕೆ ಮಟ್ಟಸವಾಗಿ ನಿಂತಿತು ಎಂದೇನೂ ಇಲ್ಲ. ಮೂರು ಕಾಲಿದ್ದೂ ತಲೆ ಮಾತ್ರ ಒಂದೇ ಕಡೆ ವಾಲಿರಬಹುದು. ಭೃಂಗಿಯದಂತೂ ವಾಲಿತ್ತು.

ಮಟ್ಟದ ವಿಷಯದಲ್ಲಿ ನನಗೆ ಗೊತ್ತಿರುವ ಮೊದಲ ಪಂಡಿತರು ನಮ್ಮೂರ ಶಾಲೆಗೆ ಬರುತ್ತಿದ್ದ ಫೋಟೋದವರು. ಏಳನೇ ಕ್ಲಾಸಿನವರ ಬೀಳ್ಕೊಡುಗೆಯ ದಿನ ತೀರ್ಥಹಳ್ಳಿ ಕಡೆಯಿಂದ ಬೆಳಗಿನ ಬಸ್ಸಿಗೆ ಬಂದಿಳಿಯುವರು. ಬಸ್ಸಿನ ಟಾಪಿನಿಂದ ಅವರ ಮರದ ಸ್ಟ್ಯಾಂಡು ಇಳಿಯುವುದನ್ನು ನೋಡಲು ಅರ್ಧ ಶಾಲೆ ಓಡುತ್ತಿತ್ತು. ತೇಗದ ಕಾಲು, ಹಿತ್ತಾಳೆಯ ಕೀಲು, ಕಾಲ ತುದಿಗೆ ಕಬ್ಬಿಣದ ಮೊನೆ. ಮಲೆನಾಡಿನಲ್ಲಿ ಮಟ್ಟಸವಾದ ಜಾಗ ಸಿಕ್ಕರೆ ಗದ್ದೆ ಮಾಡುತ್ತಾರೆಯೇ ಹೊರತು ಶಾಲೆ ಕಟ್ಟುವುದಿಲ್ಲ. ನಮ್ಮ ಆಟದ ಬಯಲೂ ಮಳೆನೀರು ಹರಿದುಹೋಗಲೆಂದು ಬಾವಿಯ ಕಡೆಗೆ ಇಳಿಜಾರಾಗಿತ್ತು. ಅಲ್ಲಿ ಬೆಂಚು ಜೋಡಿಸಿ, ಮೇಷ್ಟರುಗಳಿಗೆ ಕುರ್ಚಿ ಹಾಕಿ, ಹುಡುಗರನ್ನು ಎತ್ತರದ ಪ್ರಕಾರ ನಿಲ್ಲಿಸುವ ಕೆಲಸ ಪಿ.ಟಿ. ಮೇಷ್ಟರದು. ಫೋಟೋದವರು ನಮ್ಮ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅವರ ಕಣ್ಣೆಲ್ಲ ಸ್ಟ್ಯಾಂಡಿನ ಮೇಲಿನ ಹಲಗೆಯ ಮೇಲೆ.

ಆ ಸ್ಟ್ಯಾಂಡಿಗೆ ತಲೆ ಎಂಬುದೇ ಇರಲಿಲ್ಲ. ಹಲಗೆ, ಅದರ ನಡುವೆ ತಿರುಪು, ತಿರುಪಿನ ಮೇಲೆ ಕ್ಯಾಮೆರಾ. ಹಲಗೆಯ ಮೇಲೆ ಅವರು ಮೊದಲು ಮಲಗಿಸುತ್ತಿದ್ದುದು ಔಷಧದ ಒಂದು ಚಪ್ಪಟೆ ಸೀಸೆ. ಒಂದು ಹನಿ ಜಾಗ ಬಿಟ್ಟು ನೀರು ತುಂಬಿ, ಬಿರಡೆಯ ಮೇಲೆ ಮೇಣ ಹಾಕಿ ಮುಚ್ಚಿದ ಸೀಸೆ. ಒಳಗಿನ ಗುಳ್ಳೆ ಎತ್ತರದ ಕಡೆಗೆ ಓಡುವುದು. ಅವರು ಒಂದು ಕಾಲನ್ನು ಮೊಣಕಾಲಿನಿಂದ ಮೆಲ್ಲಗೆ ಒತ್ತುವರು, ಇನ್ನೊಂದನ್ನು ಬೊಗಸೆಯಲ್ಲಿ ಹಿಡಿದು ಹೊರಕ್ಕೆ ಎಳೆಯುವರು, ಮೂರನೆಯದರ ಕೆಳಗೆ ಓಡಿನ ಚೂರು ತುರುಕುವರು. ಸೀಸೆಯನ್ನು ಅಡ್ಡ ತಿರುಗಿಸಿ ಮತ್ತೆ ಮೊದಲಿನಿಂದ. ಗುಳ್ಳೆ ನಡುವೆ ಬಂದು ನಿಂತ ಮೇಲೆಯೇ ಕರಿಬಟ್ಟೆ ಹೊದ್ದುಕೊಳ್ಳುವುದು. ಅಷ್ಟರಲ್ಲಿ ಹಿಂದಿನ ಸಾಲಿನ ಯಾರಿಗಾದರೂ ಬಿಸಿಲಿಗೆ ತಲೆ ತಿರುಗಿರುತ್ತಿತ್ತು.

ಒಂದು ವರ್ಷ ಹೆಡ್‌ಮೇಷ್ಟರು ಪ್ರಿಂಟು ನೋಡಿ ಸಿಟ್ಟಾದರು. ಅವರು ಕೂತ ತುದಿ ತಗ್ಗಿನಲ್ಲಿ, ಹೊಲಿಗೆ ಟೀಚರ್ ಕೂತ ತುದಿ ಮೇಲೆ. "ಫೋಟೋ ಸೊಟ್ಟ ಬಂದಿದೆಯಲ್ರೀ!" ಫೋಟೋದವರು ಚಿತ್ರದಲ್ಲಿನ ಧ್ವಜದ ಕಂಬದ ಮೇಲೆ ಬೆರಳಿಟ್ಟರು. ಕಂಬ ನೆಟ್ಟಗಿತ್ತು. "ಫೋಟೋ ಸರಿ ಇದೆ ಸಾರ್, ನಿಮ್ಮ ಶಾಲೆ ಸೊಟ್ಟ ಇದೆ" ಎಂದರು. ದುಡ್ಡು ಎಣಿಸಿಕೊಂಡ ಮೇಲೆ ಹೇಳಿದರು ಎಂಬುದನ್ನೂ ಇಲ್ಲಿ ಸೇರಿಸಬೇಕು.

ಈಗಿನ ತಲೆಗಳ ವಿಷಯಕ್ಕೆ ಬಂದರೆ, ಮೊದಲನೆಯದು ಮೂರು ಹಿಡಿಯದ್ದು. ಒಂದು ಹಿಡಿ ಎಡಬಲಕ್ಕೆ ತಿರುಗಿಸಲು, ಒಂದು ಮೇಲೆ ಕೆಳಗೆ ಬಗ್ಗಿಸಲು, ಒಂದು ಪಕ್ಕಕ್ಕೆ ವಾಲಿಸಲು. ಮೂರೂ ಮೂರು ದಿಕ್ಕಿಗೆ ಚಾಚಿಕೊಂಡು, ಎಲ್ಲಿ ನಿಂತರೂ ಒಂದು ಹಿಡಿ ಪಕ್ಕೆಗೆ ತಿವಿಯುತ್ತದೆ. ಚೀಲಕ್ಕೆ ಹಾಕಿದರೆ ಚೀಲ ಹರಿಯುತ್ತದೆ. ಆದರೆ ಇದರದೊಂದು ದೊಡ್ಡ ಗುಣವಿದೆ. ಒಂದನ್ನು ಸರಿಮಾಡುವಾಗ ಉಳಿದೆರಡು ಇದ್ದಲ್ಲೇ ಇರುತ್ತವೆ. ದೇವಸ್ಥಾನದ ಕಂಬಗಳ ಸಾಲು ತೆಗೆಯುವವರಿಗೆ, ಮೇಜಿನ ಮೇಲೆ ಒಡವೆ ಇಟ್ಟು ತೆಗೆಯುವವರಿಗೆ ಇದಕ್ಕಿಂತ ನಂಬಿಗಸ್ತ ತಲೆ ಇಲ್ಲ. ಇದೇ ಮನೆತನದ ಶ್ರೀಮಂತ ಶಾಖೆ ಗಿಯರಿನ ತಲೆ. ಹಿಡಿಯ ಜಾಗದಲ್ಲಿ ತಿರುಗಣೆಗಳಿರುತ್ತವೆ, ಒಂದು ಸುತ್ತಿಗೆ ಕೂದಲೆಳೆಯಷ್ಟು ಸರಿಯುತ್ತದೆ. ಭಾರ, ನಿಧಾನ, ದುಬಾರಿ. ಕಟ್ಟಡ ತೆಗೆದು ಹೊಟ್ಟೆ ಹೊರೆಯುವವರಿಗೆ ಬಿಟ್ಟುಬಿಡೋಣ.

ಬಾಲ್‌ಹೆಡ್ ಬಂದ ಮೇಲೆ ಹಿಡಿಗಳು ಮೂಲೆ ಸೇರಿದವು. ಒಂದು ಬಟ್ಟಲು, ಒಳಗೊಂದು ಗುಂಡು, ಪಕ್ಕಕ್ಕೊಂದು ತಿರುಪು. ಸಡಿಲಿಸಿದರೆ ಕ್ಯಾಮೆರಾ ಯಾವ ಕಡೆಗೆ ಬೇಕಾದರೂ ತಿರುಗುತ್ತದೆ, ಬಿಗಿ ಮಾಡಿದರೆ ನಿಲ್ಲುತ್ತದೆ. ಕೇಳಲು ಚೆಂದ. ಭಾರದ ಲೆನ್ಸ್ ಹಾಕಿ ತಿರುಪು ಬಿಟ್ಟಿರೋ, ಎಳೆಗೂಸಿನ ಕತ್ತಿನ ಹಾಗೆ ಧೊಪ್ಪನೆ ಬಾಗುತ್ತದೆ. ಒಂದು ಕೈ ಸದಾ ಹಿಂದೆ ಇರಬೇಕು. ಅದಕ್ಕೆಂದೇ ಒಳ್ಳೆಯ ಬಾಲ್‌ಹೆಡ್‌ಗಳಲ್ಲಿ ಬಿಗುವು ಹೊಂದಿಸಲು ಇನ್ನೊಂದು ಸಣ್ಣ ತಿರುಪು ಇರುತ್ತದೆ. ಇಷ್ಟೆಲ್ಲ ಆಗಿ, ಚೌಕಟ್ಟು ನೋಡಿ, ಉಸಿರು ಬಿಗಿಹಿಡಿದು ಬಿಗಿ ಮಾಡಿ ಕೈ ಬಿಟ್ಟರೆ ಗುಂಡು ಅಕ್ಕಿಕಾಳಿನಷ್ಟು ಕೆಳಗೆ ಜಾರಿ ಕೂರುತ್ತದೆ. ಗೋಪುರದ ಕಳಸ ಚೌಕಟ್ಟಿನ ಹೊರಗೆ. ಅಂಗಡಿಯಲ್ಲಿ ಎಲ್ಲರೂ ಎಷ್ಟು ಕೆಜಿ ಹೊರುತ್ತದೆ ಎಂದು ಕೇಳುತ್ತಾರೆ. ಕೇಳಬೇಕಾದ್ದು ಬಿಗಿ ಮಾಡಿದ ಮೇಲೆ ಎಷ್ಟು ಜಾರುತ್ತದೆ ಎಂದು. ಆ ಅಂಕಿಯನ್ನು ಡಬ್ಬಿಯ ಮೇಲೆ ಅಚ್ಚು ಹಾಕಿದ್ದನ್ನು ನಾನಂತೂ ನೋಡಿಲ್ಲ.

ತಿರುಪು ಅಂದಾಗ ಒಂದು ಅಡ್ಡಮಾತು. ಕ್ಯಾಮೆರಾದ ತಳದಲ್ಲಿರುವ ತೂತು ಕಾಲಿಂಚಿನದ್ದು, ಇಂಚಿಗೆ 20 ಸುತ್ತು. ಟ್ರೈಪಾಡಿನ ತಟ್ಟೆಯ ಮೇಲಿನ ದಪ್ಪ ತಿರುಪು ಇಂಚಿನ ಎಂಟರಲ್ಲಿ ಮೂರು ಪಾಲು, ಇಂಚಿಗೆ 16 ಸುತ್ತು. ಜಪಾನಿನಲ್ಲಿ ಮಾಡಲಿ, ಜರ್ಮನಿಯಲ್ಲಿ ಮಾಡಲಿ, ಮೀಟರಿನಲ್ಲೇ ಹುಟ್ಟಿ ಬೆಳೆದ ದೇಶಗಳೂ ಇಲ್ಲಿ ಮಾತ್ರ ಇಂಚಿಗೆ ತಲೆಬಾಗುತ್ತವೆ. ಈ ಎರಡು ಅಳತೆಗಳ ನಡುವೆ ಸಂಧಾನ ಮಾಡಿಸಲು ಹಿತ್ತಾಳೆಯ ಒಂದು ಪುಟ್ಟ ಬಳೆ ಇದೆ. ಅಂಗಡಿಯಲ್ಲಿ ಚಿಲ್ಲರೆ ಬೆಲೆಗೆ ಸಿಗುತ್ತದೆ, ಬೇಕಾದಾಗ ಊರೆಲ್ಲ ಹುಡುಕಿದರೂ ಸಿಗುವುದಿಲ್ಲ. ನಮ್ಮ ಮನೆಯಲ್ಲಿ ಅದು ಕೊನೆಗೆ ಕುಂಕುಮದ ಭರಣಿಯಲ್ಲಿ ಸಿಕ್ಕಿತು. ಅಲ್ಲಿಗೆ ಹೇಗೆ ಹೋಯಿತೆಂದು ಯಾರೂ ಬಾಯಿಬಿಟ್ಟಿಲ್ಲ.

ಮಟ್ಟಸದ ತಟ್ಟೆ ಎಂಬ ವಸ್ತುವನ್ನು, ಅಂಗಡಿಯವರು ಲೆವೆಲಿಂಗ್ ಬೇಸ್ ಎನ್ನುವುದನ್ನು, ನನಗೆ ಪರಿಚಯಿಸಿದವನು ಮದುವೆ ಮನೆಯ ವಿಡಿಯೋ ಹುಡುಗ. ತಂಗಿಯ ಮಗಳ ಮದುವೆ, ಶಿವಮೊಗ್ಗದ ಛತ್ರ. ಮಂಟಪದ ಎದುರಿನ ಮೆಟ್ಟಿಲ ಮೇಲೆ ನಾನು ಬಾಲ್‌ಹೆಡ್ ಹೂಡಿ, ಒಂದು ಕಾಲು ಮೋಟು ಮಾಡಿ, ಇನ್ನೊಂದು ಕಾಲಿನ ಲಾಕು ಬಿಚ್ಚಿ ಹಾಕಿ ಒದ್ದಾಡುತ್ತಿದ್ದೆ. ಈ ಹುಡುಗ ಬಂದ, ತನ್ನ ಟ್ರೈಪಾಡಿನ ಕಾಲು ಮೂರನ್ನೂ ಸಿಕ್ಕಿದಲ್ಲಿ ಊರಿದ, ತಟ್ಟೆಯ ಕೆಳಗೆ ಜೋತಾಡುತ್ತಿದ್ದ ಹಿಡಿಯನ್ನು ಅರ್ಧ ಸುತ್ತು ಸಡಿಲಿಸಿದ, ಗುಳ್ಳೆ ನಡುವೆ ಬಂದೊಡನೆ ಬಿಗಿ ಮಾಡಿದ. ಅಕ್ಷತೆ ಕೈಗೆ ಬರುವುದರೊಳಗೆ ಅವನ ಕೆಲಸ ಮುಗಿದು ಬಾದಾಮಿ ಹಾಲು ಕುಡಿಯುತ್ತ ನಿಂತಿದ್ದ. ನನ್ನನ್ನು ಸ್ವಲ್ಪ ಹೊತ್ತು ನೋಡಿ, "ಅಂಕಲ್, ಬಾಲ್ ಬಿಡಿ, ಬೌಲ್ ಹಾಕ್ಸಿ" ಅಂದ.

ಸಿನಿಮಾ, ಟಿ.ವಿ.ಯವರ ಟ್ರೈಪಾಡುಗಳಲ್ಲಿ ಸಾಮಾನ್ಯವಾಗಿ ಬೋಳು ತಟ್ಟೆ ಇರುವುದಿಲ್ಲ, ಬಟ್ಟಲಿರುತ್ತದೆ. 75 ಮಿ.ಮೀ., 100 ಮಿ.ಮೀ., ದೊಡ್ಡ ಕ್ಯಾಮೆರಾಗಳಿಗೆ 150 ಮಿ.ಮೀ. ತಲೆಯ ತಳ ಅರ್ಧಗೋಳವಾಗಿದ್ದು ಆ ಬಟ್ಟಲಲ್ಲಿ ಕೂರುತ್ತದೆ. ಕಾಲು ಹೇಗಾದರೂ ನಿಂತಿರಲಿ, ತಲೆ ಕೂರುವ ಪೀಠವನ್ನೇ ಮಟ್ಟ ಮಾಡಿಬಿಡುತ್ತಾರೆ. ಇದನ್ನೇ ಫೋಟೋದವರಿಗೆಂದು ಚಿಕ್ಕದು ಮಾಡಿ, ಟ್ರೈಪಾಡಿಗೂ ತಲೆಗೂ ನಡುವೆ ಕೂರುವ ಹಾಗೆ ಮಾಡಿದ್ದೇ ಮಟ್ಟಸದ ತಟ್ಟೆ. ಹತ್ತು ಹದಿನೈದು ಡಿಗ್ರಿ ಯಾವ ಕಡೆಗಾದರೂ ವಾಲುತ್ತದೆ. ನೋಡಲು ಏನೂ ಇಲ್ಲ. ಕ್ಯಾಮೆರಾ ಅಂಗಡಿಯ ಗಾಜಿನ ಕಪಾಟಿನಲ್ಲಿ ಇದಕ್ಕೆ ಎದುರಿನ ಸಾಲು ಸಿಕ್ಕಿದ್ದನ್ನು ನಾನು ಕಂಡಿಲ್ಲ.

ಅಗೆದು ಹಾಕಿದ ಬೆಂಗಳೂರಿನ ರಸ್ತೆಗಳಲ್ಲಿ ಸರ್ವೆಯವರು ಹೂಡುವ ಹಳದಿ ಮುಕ್ಕಾಲಿಯನ್ನೂ ನೋಡಿ. ಅದರ ಮೇಲಿನ ಯಂತ್ರದ ತಳದಲ್ಲಿ ಮೂರು ತಿರುಪುಗಳಿವೆ. ಸರ್ವೆಯ ಹುಡುಗ ಎರಡು ತಿರುಪುಗಳನ್ನು ಎರಡು ಕೈಯ ಹೆಬ್ಬೆರಳು ತೋರುಬೆರಳುಗಳಲ್ಲಿ ಹಿಡಿದು, ಒಂದನ್ನು ಒಳಕ್ಕೆ ತಿರುಗಿಸಿದರೆ ಇನ್ನೊಂದನ್ನೂ ಒಳಕ್ಕೆ, ಒಂದನ್ನು ಹೊರಕ್ಕೆ ತಿರುಗಿಸಿದರೆ ಇನ್ನೊಂದನ್ನೂ ಹೊರಕ್ಕೆ ತಿರುಗಿಸುತ್ತಾನೆ. ಎಡಗೈ ಹೆಬ್ಬೆರಳು ಯಾವ ಕಡೆ ಹೋಗುತ್ತದೋ ಗುಳ್ಳೆ ಆ ಕಡೆ ಬರುತ್ತದೆ. ಹಳೇ ಸರ್ವೆಯವರು ಹೊಸಬರಿಗೆ ಮೊದಲು ಹೇಳಿಕೊಡುವ ಪಾಠ ಇದು. ಮೂರನೇ ತಿರುಪಿನಿಂದ ಅಡ್ಡದ ಮಟ್ಟ. 1800ರಲ್ಲಿ ಬ್ರಿಟಿಷ್ ಸರ್ವೆಯರ್ ಲ್ಯಾಂಬ್ಟನ್ ಇದೇ ಬೆಂಗಳೂರಿನಲ್ಲಿ ನೆಲ ಅಳೆಯಲು ನಿಂತಾಗಲೂ ಯಂತ್ರಕ್ಕೆ ಮೊದಲು ಬೇಕಾಗಿದ್ದದ್ದು ಮಟ್ಟವೇ. ಅಂದರೆ ನೆಲ ಅಳೆಯುವವರು, ಮದುವೆ ವಿಡಿಯೋದವರು, ನಮ್ಮೂರ ಶಾಲೆಯ ಫೋಟೋದವರು ಎಲ್ಲರೂ ಬುಡದಲ್ಲಿ ಮಟ್ಟ ಮಾಡಿದವರು. ಸಾವಿರಾರು ರೂಪಾಯಿಯ ಬಾಲ್‌ಹೆಡ್ ಕೊಂಡ ನಾವು ಮಾತ್ರ ತುದಿಯಲ್ಲಿ ಮಟ್ಟ ಮಾಡಿ ಬೀಗುತ್ತೇವೆ.

ತುದಿಯ ಮಟ್ಟ ಯಾಕೆ ಸಾಲದು ಎಂಬುದಕ್ಕೆ ಶರಾವತಿಯ ಹಿನ್ನೀರೇ ಸಾಕ್ಷಿ. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಊರು, ತೋಟ, ಕಾಡುಗಳ ಜೊತೆ ಇನ್ನೊಂದು ಅಣೆಕಟ್ಟೂ ಮುಳುಗಿತು. 1940ರ ದಶಕದಲ್ಲಿ ಜೋಗದ ವಿದ್ಯುತ್ತಿಗಾಗಿ ಕಟ್ಟಿದ್ದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು. ನೀರು ತೀರ ಇಳಿದ ಬೇಸಿಗೆಗಳಲ್ಲಿ ಅದು ಮೈದೋರುತ್ತದೆ. ಸುತ್ತ ಒಡೆದ ಕೆಸರು, ಅರ್ಧ ಶತಮಾನ ನೀರಲ್ಲಿ ನಿಂತು ಕಪ್ಪಾದ ಮರದ ಮೋಟುಗಳು, ಆಚೆಗೆ ನೀರು, ಅದರಾಚೆಗೆ ಗುಡ್ಡ. ಇದನ್ನೆಲ್ಲ ಒಂದು ಚೌಕಟ್ಟಿಗೆ ತರಲು ಎಡದಿಂದ ಬಲಕ್ಕೆ ಕ್ಯಾಮೆರಾ ತಿರುಗಿಸುತ್ತ ಸಾಲಾಗಿ ತೆಗೆದು, ಆಮೇಲೆ ಹೊಲಿಯಬೇಕು.

ಒಮ್ಮೆ ಅಲ್ಲಿಗೆ ಜೊತೆಗೆ ಬಂದಿದ್ದ ಬ್ಯಾಂಕಿನ ಗೆಳೆಯ ತನ್ನ ಬಾಲ್‌ಹೆಡ್ ಸಡಿಲಿಸಿ, ಕ್ಯಾಮೆರಾದ ಗುಳ್ಳೆಯನ್ನು ನಡುವೆ ತಂದು, "ನೋಡು ಮಾರಾಯ, ಕರಾರುವಾಕ್ಕು" ಅಂದ. ನಿಜ, ಆ ಕ್ಷಣಕ್ಕೆ ಕರಾರುವಾಕ್ಕು. ಆದರೆ ಎಡಬಲ ತಿರುಗಿಸುವ ಕೀಲು ಇರುವುದು ಗುಂಡಿನ ಕೆಳಗೆ, ಬುಡದಲ್ಲಿ. ಬುಡ ಕೆಸರಿನ ಇಳಿಜಾರಿನ ಜೊತೆ ವಾಲಿತ್ತು. ವಾಲಿದ ಅಚ್ಚಿನ ಸುತ್ತ ತಿರುಗಿದರೆ ಕ್ಯಾಮೆರಾ ವಾಲಿದ ವೃತ್ತವನ್ನೇ ಬರೆಯುತ್ತದೆ. ಮೊದಲ ಚಿತ್ರದಲ್ಲಿ ನೆಟ್ಟಗಿದ್ದ ನೀರು ಮೂರನೆಯದರಲ್ಲಿ ಮಗ್ಗುಲಾಗಿ, ಕೊನೆಯದರಲ್ಲಿ ಮೂಲೆಗೆ ಜಾರಿತು. ಹೊಲಿದು ನೋಡಿದರೆ ಹಿನ್ನೀರು ಹಾವಿನಂತೆ ಬಳುಕಿತ್ತು. ಬಳುಕನ್ನು ತಿದ್ದಿ ಮೇಲೆ ಕೆಳಗೆ ಕತ್ತರಿಸಿದ ಮೇಲೆ ಉಳಿದದ್ದು ಒಂದು ಬ್ಯಾನರ್. ಅಣೆಕಟ್ಟು ಇತ್ತು, ಆಕಾಶ ಹೋಗಿತ್ತು. ಬುಡವನ್ನು ಮೊದಲು ಮಟ್ಟ ಮಾಡಿದರೆ ಅಚ್ಚು ನೇರ ನಿಲ್ಲುತ್ತದೆ, ತಿರುಗಿದಷ್ಟೂ ನೀರು ನೀರಾಗಿಯೇ ಇರುತ್ತದೆ. ಗುಂಡಿನ ಮೇಲ್ಭಾಗದಲ್ಲೇ ತಿರುಗುವ ಹಿಡಿಕೆ ಹಾಕಿಸಿದರೂ ಅದೇ ಫಲ. ಇನ್ನು, ತಿರುಗುವುದು ಲೆನ್ಸಿನ ಒಳಗಿನ ಒಂದು ಬಿಂದುವಿನ ಸುತ್ತವೇ ಆಗಬೇಕು, ಇಲ್ಲವಾದರೆ ಹತ್ತಿರದ ಮೋಟು ದೂರದ ಗುಡ್ಡದ ಎದುರು ಜಾಗ ಬದಲಿಸುತ್ತದೆ ಎಂಬ ಇನ್ನೊಂದು ರಗಳೆಯೂ ಇದೆ. ಅದನ್ನು ಶುರುಮಾಡಿದರೆ ನೀವು ಪುಟ ತಿರುಗಿಸುತ್ತೀರಿ.

ಹಾಗೆಂದು ಬರಿಗಣ್ಣನ್ನೂ ನಂಬುವ ಹಾಗಿಲ್ಲ. ಎದುರಿನ ದಡ ಒಂದು ಕಡೆ ಹತ್ತಿರವಿದ್ದು ಇನ್ನೊಂದು ಕಡೆ ದೂರ ಸರಿದಿದ್ದರೆ, ಕ್ಯಾಮೆರಾ ಎಷ್ಟೇ ನೆಟ್ಟಗಿದ್ದರೂ ದಡದ ಗೆರೆ ವಾಲಿದಂತೆ ಕಾಣುತ್ತದೆ. ಎಷ್ಟೋ ಜನ ಅದನ್ನು ಕಂಪ್ಯೂಟರಿನಲ್ಲಿ ತಿದ್ದಿ, ಮರಗಳನ್ನೆಲ್ಲ ಓರೆ ಮಾಡಿ ತೃಪ್ತರಾಗುತ್ತಾರೆ.

ಅದೇ ಹಿನ್ನೀರಿನಲ್ಲಿ ಸಿಗಂದೂರಿನ ಲಾಂಚು ಬಸ್ಸು, ಜೀಪು, ಜನ ಎಲ್ಲವನ್ನೂ ಹೊತ್ತು ದಾಟಿಸುತ್ತಿತ್ತು. ಲಾಂಚಿನ ಮೇಲೆ ಯಾವ ತಲೆಯೂ ಉಪಯೋಗಕ್ಕಿಲ್ಲ. ಇಂಜಿನ್ನಿನ ನಡುಕ ಮೂರೂ ಕಾಲಿನಿಂದ ಹತ್ತಿ ಕ್ಯಾಮೆರಾಕ್ಕೆ ಬರುತ್ತದೆ. ಹಾಗಾಗಿ ನನ್ನ ಹತ್ತಿರ ಇರುವ ಲಾಂಚಿನ ಚಿತ್ರಗಳೆಲ್ಲ ಬರಿಗೈಯಲ್ಲಿ ತೆಗೆದವು, ಒಂದೊಂದು ಒಂದೊಂದು ಕಡೆಗೆ ವಾಲಿದವು. 2025ರ ಜುಲೈಯಲ್ಲಿ ಸೇತುವೆ ತೆರೆಯಿತು. ಎರಡು ಕಿಲೋಮೀಟರಿಗೂ ಉದ್ದದ ಸೇತುವೆ. ದಡದಲ್ಲಿ ಮಟ್ಟಸದ ತಟ್ಟೆ ಹಾಕಿ ನಿಂತು ಎಷ್ಟು ಚಿತ್ರ ಬೇಕಾದರೂ ಹೊಲಿಯಬಹುದು. ಆದರೆ ಲಾಂಚಿಗಾಗಿ ದಡದಲ್ಲಿ ಕಾದು ನಿಂತ ಬಸ್ಸಿನವರು, ಆ ಪುರುಸೊತ್ತಿನಲ್ಲಿ ಟ್ರೈಪಾಡ್ ನೋಡಿ "ಸರ್ವೆಯೋರಾ? ಮತ್ತೆ ಮುಳುಗಿಸ್ತೀರಾ ಎಂತ?" ಎಂದು ಕೇಳುತ್ತಿದ್ದ ಅಜ್ಜ ಯಾವ ಹೊಲಿಗೆಗೂ ಸಿಗುವುದಿಲ್ಲ. ಮುಳುಗಡೆ ಕಂಡ ಜನ. ಮೂರು ಕಾಲು ಕಂಡರೆ ಅವರಿಗೆ ಫೋಟೋ ನೆನಪಾಗುವುದಿಲ್ಲ.

ಹಕ್ಕಿಯವರದು ಬೇರೆ ಪಂಗಡ. ಅವರ ತೋಳುದ್ದದ ಲೆನ್ಸಿಗೆ ಗಿಂಬಲ್ ತಲೆ. ಭಾರದ ನಡುಬಿಂದುವಿನಲ್ಲಿ ತೂಗುಹಾಕಿದ್ದರಿಂದ ಒಂದೇ ಬೆರಳಿಗೆ ಅಷ್ಟು ದೊಡ್ಡ ಲೆನ್ಸು ತೇಲುತ್ತದೆ. ಅದರ ಬುಡವೂ ವಾಲಿದ್ದರೆ ಹಾರುವ ಬೆಳ್ಳಕ್ಕಿಯ ಹಿಂದೆ ತಿರುಗಿದ ಹಾಗೆಲ್ಲ ನೀರೂ ವಾಲುತ್ತದೆ. ರಂಗನತಿಟ್ಟಿನ ದೋಣಿಯಲ್ಲಿ ಮಾತ್ರ ಯಾವ ತಲೆಯನ್ನೂ ತೆಗೆಯಬೇಡಿ, ಪಕ್ಕದವರ ಕಣ್ಣು ಮುಖ್ಯ.

ಹಂಪಿಯಲ್ಲಿ 1856ರಲ್ಲಿ ಗ್ರೀನ್‌ಲಾ ಎಂಬ ಸೇನಾಧಿಕಾರಿ ಭಾರಿ ಗಾತ್ರದ ಕ್ಯಾಮೆರಾ ಹೂಡಿ, ಮೇಣ ಸವರಿದ ಕಾಗದದ ಮೇಲೆ ಚಿತ್ರ ತೆಗೆದ. ಬೆಳಕು ಕಾಗದಕ್ಕೆ ಇಳಿಯಲು ನಿಮಿಷಗಟ್ಟಲೆ ಬೇಕು, ಮುಕ್ಕಾಲಿ ಇಲ್ಲದೆ ಆಗದ ಕೆಲಸ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅದೇ ಜಾಗಗಳನ್ನು ಹುಡುಕಿ ಅದೇ ನೋಟಗಳನ್ನು ಮತ್ತೆ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವಾಗ ಎಲ್ಲರೂ ಬಿದ್ದ ಗೋಪುರ, ಬೆಳೆದ ಗಿಡ, ಕಿತ್ತ ಕಲ್ಲು ನೋಡುತ್ತಾರೆ. ನಾನು ನೋಡುವುದು ಕಂಬಗಳು ನೆಟ್ಟಗಿವೆಯೇ ಎಂದು. ಈಗ ರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಹೂಡಬೇಕಾದರೆ ಮೊದಲೇ ಅನುಮತಿ ಪಡೆಯಬೇಕು. ಗ್ರೀನ್‌ಲಾಗೆ ಆ ತೊಂದರೆ ಇರಲಿಲ್ಲ, ತಡೆಯಬೇಕಾದವರ ಕಡೆಯವನೇ ಆಗಿದ್ದ.

ಮೊಬೈಲಿನವರಿಗೆ ಇದ್ಯಾವುದೂ ಬೇಡ. ಬ್ಯಾಂಕಿನ ಗೆಳೆಯನೂ ಈಗ ಮೊಬೈಲ್ ಹಿಡಿದು ಸುಮ್ಮನೆ ಒಂದು ಸುತ್ತು ಸುತ್ತುತ್ತಾನೆ; ಹೊಲಿಗೆ, ಮಟ್ಟ ಎಲ್ಲ ಒಳಗೇ ಮುಗಿದಿರುತ್ತದೆ. ಹೊಸ ಕ್ಯಾಮೆರಾಗಳೂ ಒಳಗೊಳಗೇ ಕೈನಡುಕವನ್ನು ನುಂಗುತ್ತವೆ, ಪರದೆಯ ಮೇಲೆ ಮಟ್ಟದ ಗೆರೆ ತೋರಿಸುತ್ತವೆ. ಆದರೂ ಟ್ರೈಪಾಡ್ ಹೂಡುವ ಹತ್ತು ನಿಮಿಷ ಆ ಜಾಗದಲ್ಲಿ ನಿಲ್ಲಲೇಬೇಕು. ನಿಂತರೆ ಮೋಡ ಸರಿಯುವುದು, ದನ ನೀರಿಗಿಳಿಯುವುದು ಕಾಣುತ್ತದೆ, ಯಾರಾದರೂ ಬಂದು ಮಾತಾಡಿಸುತ್ತಾರೆ. ಸುತ್ತಿ ಮುಗಿಸಿದವನು ಆಗಲೇ ಕಾರಿನಲ್ಲಿ ಕೂತು ಹಾರ್ನ್ ಹೊಡೆಯುತ್ತಿರುತ್ತಾನೆ.

ಆದ್ದರಿಂದ ಕೊಳ್ಳುವ ಮನಸ್ಸಿದ್ದವರಿಗೆ ಇಷ್ಟು ಹೇಳುತ್ತೇನೆ. ನಡುವಿನ ಕಂಬ ಎತ್ತುವ ಟ್ರೈಪಾಡ್ ಬೇಡ. ಕಂಬ ಎತ್ತಿದ ಮೇಲೆ ಅದು ಒಂಟಿಕಾಲಿನದ್ದು. ಆ ಕಂಬದ ಜಾಗದಲ್ಲಿ ಮಟ್ಟಸದ ತಟ್ಟೆ ಹಾಕಿಸಿ, ಅರ್ಧ ಕೆಜಿಯ ಹತ್ತಿರ ಭಾರ ಹೆಚ್ಚಾದರೂ ಚಿಂತೆಯಿಲ್ಲ. ಅದರ ಮೇಲೆ ಯಾವ ತಲೆ ಎಂಬುದನ್ನು ಆಮೇಲೆ ನಿಧಾನವಾಗಿ ಯೋಚಿಸಿ. ಅಲ್ಲಿಯವರೆಗೆ ಬೇಕಾದರೆ ನಮ್ಮ ಅಟ್ಟದಲ್ಲಿ ಮೂರು ಹಿಡಿಯ ತಲೆಯೊಂದು ಸುಮ್ಮನೆ ಕೂತಿದೆ, ಗಟ್ಟಿಮುಟ್ಟಾಗಿದೆ, ಒಂದು ಹಿಡಿಯ ರಬ್ಬರ್ ಮಾತ್ರ ಹೋಗಿದೆ. ದುಡ್ಡು ಬೇಡ. ದಸರೆಯೊಳಗೆ ಬಂದು ಒಯ್ಯಬೇಕು ಎಂಬುದು ಮನೆಯಾಕೆಯ ಷರತ್ತು.